ನಮ್ಮೋರ ಮುಂದೆ ಮಾಸ್ಕ್ ಏಕೆ?

ಅಜ್ಜಿಗೆ ಕೊರೊನಾ ತಂದದ್ದು ಮನೆಕೆಲಸದ ಮಂಜುಳಾ ಅಂತ ಯಲಹಂಕದ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊನ್ನೆ ಅವಳು ಮತ್ತೆ ಕೆಲಸ ಕೇಳಿಕೊಂಡು ಬಂದಾಗ ದೊಡ್ಡಪ್ಪ ಗೇಟು ತೆಗೆಯಲಿಲ್ಲ. "ನಿನ್ನಿಂದ ನಮ್ಮಮ್ಮನ್ನ ಕಳ್ಕೊಂಡಿದ್ದು ಸಾಕು, ಹೋಗಮ್ಮ" ಎಂದರು. ಮಂಜುಳಾ ಬಂದ ದಾರಿಯಲ್ಲೇ ವಾಪಸ್ ಹೋದಳು.

ಆದರೆ ಲಾಕ್‌ಡೌನ್ ಶುರುವಾದಾಗಲೇ ಅವಳನ್ನು ಕೆಲಸದಿಂದ ಬಿಡಿಸಿದ್ದೆವಲ್ಲ? ಆಮೇಲೆ ಒಳಗೆ ಬಂದವರು ಅಕ್ಕನ ಮಗುವಿನ ನಾಮಕರಣಕ್ಕೆ ಸೇರಿದ ನೆಂಟರು ಮಾತ್ರ. ಹಾಲಿನವನು ಬಂದರೆ ಎರಡೆರಡು ಮಾಸ್ಕ್ ಹಾಕುತ್ತಿದ್ದ ದೊಡ್ಡಪ್ಪ ಅವತ್ತು ಒಂದನ್ನೂ ಹಾಕಲಿಲ್ಲ. ಕೇಳಿದರೆ, "ನಮ್ಮೋರ ಮುಂದೆ ಏನಕ್ಕೋ? ನಿನ್ ಡಿಬೇಟು ಕಾಲೇಜಲ್ಲಿಟ್ಕೋ" ಎಂದು ಗದರಿ, ಕೆಮ್ಮುತ್ತಲೇ ಅಜ್ಜಿಗೆ ಪಾಯಸ ತಿನ್ನಿಸಿದರು. ಅಜ್ಜಿ ಜ್ವರ ಬಂದು ಹಾಸಿಗೆ ಹಿಡಿದದ್ದು ಅದಾದ ಮೇಲೆ.

ಮೊನ್ನೆ ಗೇಟಿನಿಂದ ಒಳಬಂದ ದೊಡ್ಡಪ್ಪನನ್ನು ಕೇಳಿದೆ: "ಅವತ್ತು ಕೆಮ್ಕೊಂಡು ಪಾಯಸ ತಿನ್ಸಿದ್ದು ಮಂಜುಳಾನಾ, ದೊಡ್ಡಪ್ಪ?"