ಊಮ್ ಎಂದು ಕರೆದವನು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ಕೆಲಸದ ನೆಪ, ರಿಟೈರಾದ ಮೇಲೆ ಮೊಮ್ಮಕ್ಕಳ ನೆಪ. ಈಗ ಅವರೂ ದೊಡ್ಡವರಾಗಿದ್ದಾರೆ.

ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ನಾನು ಟೂಲ್ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಹೈಸ್ಕೂಲು. ಇಂಜಿನಿಯರುಗಳಲ್ಲಿ ಹೆಚ್ಚಿನವರು ಡಚ್ಚರು. ಅವರು ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನನ್ನೂ ಹಾಗೆಯೇ ಕರೆದರು. ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಮೇಜು ಒರೆಸುವವನಿಂದ ಟ್ಯಾಕ್ಸಿಯವನವರೆಗೆ ವಯಸ್ಸಾದವರೆಲ್ಲ ಬರೀ ‘ಅಂಕಲ್’ ಆಗಿಬಿಡುವ ಈ ಪರದೇಶದ ಊರಿನಲ್ಲಿ, ಶೆಡ್ಡಿನೊಳಗೆ ನನಗೊಂದು ಹೆಸರಿತ್ತು. ಅದರ ಜಂಬವೂ ಇತ್ತು.

ದಕ್ಷಿಣ ಆಫ್ರಿಕಾದಿಂದ ಬಂದ, ಆಫ್ರಿಕಾನ್ಸ್ ಮಾತಾಡುವ ಕೆಲವರು ಅವರ ನಡುವೆ ಇದ್ದರು. ಡಚ್ಚಿನಿಂದಲೇ ಹುಟ್ಟಿದ ಮಾತು ಅದು. ಡಚ್ಚರು ಅದನ್ನು ಕೇಳಿ, ಮಗು ಮಾತಾಡಿದ ಹಾಗಿದೆ ಎಂದು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಆದರೆ ದಿನವೂ ನಗುತ್ತಿದ್ದರು. ಆಫ್ರಿಕಾದವರೆಲ್ಲ ಮೆಲ್ಲಗೆ ಇಂಗ್ಲಿಷಿಗೆ ಹೊರಳಿದರು.

ಅವರಲ್ಲಿ ಒಬ್ಬ ಮೆಕ್ಯಾನಿಕ್ ಮಾತ್ರ ಒಂದು ಪದ ಬಿಡಲಿಲ್ಲ. ನನ್ನನ್ನು ‘ಊಮ್’ ಎನ್ನುತ್ತಿದ್ದ. ಡಚ್ಚರಲ್ಲಿ ಅದು ಸ್ವಂತ ಚಿಕ್ಕಪ್ಪ, ದೊಡ್ಡಪ್ಪನಿಗೆ ಮಾತ್ರ. ಇವರಲ್ಲಿ ಅಪ್ಪನ ವಯಸ್ಸಿನವರೆಲ್ಲ ಊಮ್. ಹೆಸರು ಹಿಡಿದರೆ ಮನೆಯಲ್ಲಿ ಬೈಗುಳ ಬೀಳುತ್ತಿತ್ತಂತೆ. ಅವನ ಹೆಂಡತಿ ಗಟ್ಟಿ ರಸ್ಕು ಮಾಡಿ ಕಳಿಸುತ್ತಿದ್ದಳು, ನನಗೆಂದು ಮೊಟ್ಟೆ ಹಾಕದೆ. ಇಬ್ಬರೂ ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದೆವು. ಈ ಶೆಡ್ಡಿನಲ್ಲಿ ನೀವೊಬ್ಬರೇ ನಮ್ಮ ಮನೆಯವರ ಹಾಗೆ ಎಂದು ಒಮ್ಮೆ ಹೇಳಿದ.

ಮ್ಯಾನೇಜರನ ಹುಟ್ಟುಹಬ್ಬ ಬಂತು. ಡಚ್ಚರು ಕುರ್ಚಿಗಳನ್ನು ದುಂಡಗೆ ಹಾಕಿ ಕೂರುತ್ತಾರೆ. ಬಂದವರು ಹುಟ್ಟುಹಬ್ಬದವನಿಗೆ ಮಾತ್ರವಲ್ಲ, ಕೂತವರಿಗೆಲ್ಲ ಕೈ ಕುಲುಕಿ ಶುಭಾಶಯ ಹೇಳಬೇಕು. ಆ ಮೆಕ್ಯಾನಿಕ್ ನನ್ನ ಮುಂದೆ ಬಂದು, ಸ್ವಲ್ಪ ಬಾಗಿ, ಶುಭಾಶಯ ಹೇಳಿ ‘ಊಮ್’ ಎಂದ.

“ಹೌದೌದು, ಮೂಗು ನೋಡಿದರೇ ಗೊತ್ತಾಗುತ್ತೆ, ನಿಮ್ಮಪ್ಪನ ತಮ್ಮನೇ” ಎಂದ ಮ್ಯಾನೇಜರ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಹೇಳಿದೆ: “ನಾನು ಇವನಿಗೆ ಯಾವ ಊಮೂ ಅಲ್ಲ. ನನಗೆ ಹೆಸರಿದೆ. ನಿಮ್ಮನ್ನು ನೋಡಿ ಇವನೂ ಕಲಿಯಲಿ.”

ನಗು ಇನ್ನೂ ಜೋರಾಯಿತು. ಅವನ ಕಿವಿ ಕೆಂಪಾಯಿತು. ಸಾರಿ ಎಂದು, ನನ್ನ ಹೆಸರು ಹೇಳಿ, ಮುಂದಿನವರ ಕೈ ಹಿಡಿದ.

ಸಂಜೆ ಸೆಂಗ್‌ಕಾಂಗ್‌ನ ಮನೆಗೆ ಬಂದು ಹೆಂಡತಿಗೆ ಇದನ್ನು ತಮಾಷೆ ಎಂಬಂತೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. “ದೊಡ್ಡೋರನ್ನ ಹೆಸ್ರು ಹಿಡಿದು ಕರೀಬಾರ್ದು, ಅಂಕಲ್ ಅನ್ನಿ ಅಂತ ನಮ್ ಹುಡುಗ್ರಿಗೆ ಕಲಿಸಿದ್ದು ಯಾರ್ರೀ?” ಎಂದಳು. ನಾನು ಟಿವಿ ಹಾಕಿದೆ.

ಆಮೇಲೆ ಅವನು ನನ್ನ ಹೆಸರನ್ನು ಎಚ್ಚರದಿಂದ, ತಪ್ಪಿಲ್ಲದೆ ಹೇಳಿ ಟೂಲ್ ಕೇಳುತ್ತಿದ್ದ. ರಸ್ಕು ಬರಲಿಲ್ಲ. ಕೆಲವು ತಿಂಗಳಲ್ಲಿ ಗಂಡ ಹೆಂಡತಿ ಆಸ್ಟ್ರೇಲಿಯಾಕ್ಕೆ ಶಿಫ್ಟ್ ಆದರು. ಹೊರಡುವ ಮುಂಚೆ ಕೌಂಟರಿಗೆ ಬಂದು ಕೈ ಕೊಟ್ಟ. ತಪ್ಪಾಯಿತು ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅವನ ಹಿಂದೆ ಇಬ್ಬರು ಡಚ್ಚರು ನಿಂತಿದ್ದರು, ನುಂಗಿಕೊಂಡೆ.

ಈಗ ನಮ್ಮ ಕಟ್ಟಡದ ಕೆಳಗಿನ ಬಯಲು ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ ಕೂತರೆ ಹಾದುಹೋಗುವ ಮಕ್ಕಳು ಅಂಕಲ್ ಎನ್ನುತ್ತಾರೆ. ಪ್ರತಿಸಲವೂ ಓಗೊಡುತ್ತೇನೆ. ಶೆಡ್ಡಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಲ್ಲಿ ಒಬ್ಬರೂ ಇಂದು ಫೋನ್ ಮಾಡುವುದಿಲ್ಲ.

ನಾನು ಕ್ಷಮೆ ಕೇಳಬೇಕಿದ್ದದ್ದು ಆ ಮೆಕ್ಯಾನಿಕ್ಕಿನ ಹತ್ತಿರ. ಅವನ ಹೆಸರು ನೆನಪಿದೆ, ಇಲ್ಲಿ ಬರೆಯುವುದಿಲ್ಲ. ದೊಡ್ಡಪ್ಪ ಎಂದು ಕರೆದವನನ್ನು ನಮ್ಮಲ್ಲಿ ಮಗ ಎನ್ನುತ್ತಾರೆ.