ಎರಡನೆಯ ಗೋಲ್‌ಕೀಪರಿನ ತಾಯಿ

ನಮ್ಮ ಅಡಿಗೆಮನೆಯಲ್ಲಿ ನಾನು ಮನಸ್ಸಿನಲ್ಲೇ ಕೈಮುಗಿಯುವ ಒಂದು ವಸ್ತುವಿದೆ. ದೇವರ ಗೂಡಲ್ಲ, ಅದಕ್ಕೆ ಎಲ್ಲರೆದುರಿಗೇ ಮುಗಿಯುತ್ತೇನೆ. ಇದು ಬಾಗಿಲ ಹಿಂದಿನ ಮೂಲೆಯಲ್ಲಿ ನಿಂತಿರುವ ಎರಡನೆಯ ಗ್ಯಾಸ್ ಸಿಲಿಂಡರು. ಮೊದಲನೆಯದಕ್ಕೆ ಒಲೆಯ ಸಂಗ, ಬೆಂಕಿಯ ಮಾನ. ಇದಕ್ಕೆ ಬರೀ ಧೂಳು, ಮೇಲೆ ಒಣಹಾಕಿದ ಕೈವಸ್ತ್ರ. ಆದರೆ ಹೋಳಿಗೆ ಅರ್ಧ ಬೆಂದು, ಬೀಗರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿರುವ ಹೊತ್ತಿಗೆ ಮೊದಲನೆಯದು ಉಸಿರು ಬಿಟ್ಟರೆ, ಮನೆಯ ಮಾನ ಕಾಯುವುದು ಈ ಧೂಳು ಹಿಡಿದ ಮಹಾಶಯನೇ. ಅವನು ಅಲ್ಲಿದ್ದಾನೆ ಎಂಬ ಒಂದೇ ಧೈರ್ಯದ ಮೇಲೆ ನಾನು ಎಷ್ಟೋ ಬೀಗರನ್ನು ನಗುನಗುತ್ತಾ ಒಳಗೆ ಕರೆದಿದ್ದೇನೆ.

ಈ ಪೀಠಿಕೆಗೆ ಕಾರಣ ನನ್ನ ಮಗಳು ಪ್ರಾಜಕ್ತಾ. ಅವಳು ಹಾಕಿ ಆಡುತ್ತಾಳೆ. ಆಡುತ್ತಾಳೆ ಎನ್ನುವುದು ತಾಯಿಯ ಧಾರಾಳತನ. ಸಂಬಳ ಕೊಟ್ಟು ಆಡಿಸುವ ಒಂದು ದೊಡ್ಡ ತಂಡದಲ್ಲಿ ಅವಳು ಎರಡನೆಯ ಗೋಲ್‌ಕೀಪರು. ಹಾಕಿಯಲ್ಲಿ ಉಳಿದವರೆಲ್ಲ ನಮ್ಮ ಕೂಡುಕುಟುಂಬದ ಸೊಸೆಯಂದಿರ ಹಾಗೆ, ಸರದಿಯ ಮೇಲೆ ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ, ನೀರು ಕುಡಿದು ಮತ್ತೆ ಒಳಗೆ ಹೋಗುತ್ತಾರೆ. ಗೋಲು ಕಾಯುವವಳಿಗೆ ಮಾತ್ರ ಸರದಿಯಿಲ್ಲ. ಮೊದಲನೆಯವಳು ಗಟ್ಟಿಯಾಗಿ ನಿಂತಿರುವವರೆಗೆ ಎರಡನೆಯವಳು ಕಾಲಿಗೆ ದಪ್ಪ ಪ್ಯಾಡು, ಎದೆಗೆ ಕವಚ, ತೊಡೆಯ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡು ಬೆಂಚಿನ ಮೇಲೆ ಬೆವರುತ್ತಾಳೆ. ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುತ್ತಾಳೆ. ಇದು ಅವಳ ನೌಕರಿ.

ನನ್ನ ಅತ್ತೆ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳನ್ನು ಈ ವೇಷದಲ್ಲಿ ಕಂಡರು.

"ಯಾಕ ಬೇ, ಗಾದಿ ಸುತ್ತಗೊಂಡ ನಿಂತಿ? ಅಲ್ಲೆ ಥಂಡಿ ಭಾಳ ಐತೇನು?"

"ಥಂಡಿ ಅಲ್ಲ ಆಯಿ, ಚೆಂಡ ಜೋರ ಬಡೀತೈತಿ, ಅದಕ್ಕ."

"ನಿನಗೆಲ್ಲಿ ಬಡೀತೈತಿ? ನೀ ಹೊರಗ ಇರ್ತಿ."

ಪ್ರಾಜಕ್ತಾ ನಕ್ಕಳು. ಆದರೆ ಮಗಳ ನಗುವಿನಲ್ಲಿ ಎಷ್ಟು ಉಪ್ಪಿದೆ ಎಂದು ಗೊತ್ತಾಗಲು ತಾಯಿಗೆ ನಾಲಿಗೆ ಬೇಕಿಲ್ಲ. ಹೋದ ದೀಪಾವಳಿಗೆ ನಮ್ಮೂರು ಉಗಾರಕ್ಕೆ ಬಂದಾಗ, ನನ್ನ ಜೊತೆ ಕುಳಿತು ಅವಲಕ್ಕಿ ಹಸನು ಮಾಡುತ್ತ ಅವಳು ಹೇಳಿದ್ದಳು: "ಅವ್ವಾ, ಎರಡ ವರ್ಸ ಆತು, ಒಂದ ಸಲಾನೂ ಒಳಗ ಇಳಿದಿಲ್ಲ. ಈ ಸಲಾನೂ ಹಂಗ ಆದ್ರ ನಾ ಆಟ ಬಿಟ್ಟಬಿಡ್ತೀನಿ. ಕುಂತ ಕುಂತ ನನಗ ಆಡಾಕ ಬರತೈತಿ ಅನ್ನೂದ ಮರತ ಹೋಗೇತಿ."

ಚಿಕ್ಕೋಡಿಯ ಕ್ರೀಡಾ ಹಾಸ್ಟೆಲ್ಲಿನಲ್ಲಿ, ಬೇರೆ ಯಾರೂ ನಿಲ್ಲಲೊಲ್ಲದ ಗೋಲಿನ ಬಾಯಲ್ಲಿ ತಾನಾಗಿ ಹೋಗಿ ನಿಂತ ಹುಡುಗಿ ಅದು. ಅವಳು ಬಿಡುತ್ತೇನೆ ಎಂದಾಗ ನಾನು ಅವಲಕ್ಕಿಯ ಮೊರ ಬದಿಗಿಟ್ಟೆ. ನನಗೆ ಹಾಕಿ ಕಲಿಸಲು ಬರುವುದಿಲ್ಲ, ತಂಡದವರ ಜೊತೆ ಮಾತಾಡಲು ಬರುವುದಿಲ್ಲ. ನನಗೆ ಬರುವುದು ಒಂದೇ. ಬಸದಿಗೆ ಹೋಗಿ, ಭಗವಂತನೆದುರು ನಿಂತು, ಮಗಳು ಅಂಗಳಕ್ಕೆ ಇಳಿಯುವವರೆಗೆ ಸಿಹಿ ತ್ಯಾಗ ಎಂದು ನೇಮ ಹಿಡಿದುಬಿಟ್ಟೆ.

ಉಗಾರ ಬುದ್ರುಕದಲ್ಲಿ ಸಿಹಿ ಬಿಡುವುದೆಂದರೆ ಕೃಷ್ಣೆಯಲ್ಲಿ ನಿಂತುಕೊಂಡು ಸ್ನಾನ ಬಿಟ್ಟ ಹಾಗೆ. ಚಳಿಗಾಲ ಬಂತೆಂದರೆ ಗಾಳಿಯೇ ಸಿಹಿ. ಕಬ್ಬಿನ ಗಾಡಿಯ ಹಿಂದೆ ನಡೆದರೂ ನೇಮ ಮುರಿಯಿತೇನೋ ಎಂದು ಸಂಶಯ. ಯಾರ ಹೊಲಕ್ಕೆ ಹೋದರೂ ಹಸಿ ಬೆಲ್ಲ ಅಂಗೈಗೆ ಬರುತ್ತದೆ. ನಾನು ಬೇಡವೆಂದು ಕೈ ಹಿಂದೆ ಸರಿಸಿದ್ದು ನೋಡಿ ನೋಡಿ ಓಣಿಯವರು ತಮ್ಮದೇ ತೀರ್ಮಾನಕ್ಕೆ ಬಂದರು. "ಸಕ್ಕರಿ ಬಂದೈತೇನ್ರಿ ಅಕ್ಕಾರ? ನಾಚಕೋಬ್ಯಾಡ್ರಿ, ಈಗ ಎಲ್ಲಾರಿಗೂ ಐತಿ" ಎಂದು ಒಬ್ಬರು ಹಾಗಲಕಾಯಿ ತಂದುಕೊಟ್ಟರು, ಇನ್ನೊಬ್ಬರು ಮೆಂತ್ಯದ ಪುಡಿ. ಇಲ್ಲದ ರೋಗಕ್ಕೆ ಇಷ್ಟು ಪ್ರೀತಿ ಸಿಗುವುದಾದರೆ ಇದೂ ಒಂದು ಪುಣ್ಯವೇ ಎಂದು ಹಾಗಲಕಾಯಿ ಪಲ್ಯ ಮಾಡಿ ಉಂಡೆವು.

ಆ ದಿನಗಳಲ್ಲೇ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ಆರ್ಯಿಕಾ ಮಾತಾಜಿಯೊಬ್ಬರು ನಮ್ಮೂರಿನ ಬಸದಿಗೆ ಬಂದು ಉಳಿದರು. ಬಿಳಿ ಸೀರೆಯ ಸನ್ಯಾಸಿನಿ, ದಿನಕ್ಕೆ ಒಂದೇ ಸಲ ಆಹಾರ. ನಮ್ಮಲ್ಲಿ ಅಂಥವರಿಗೆ ಆಹಾರ ಕೊಡುವ ಪದ್ಧತಿ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಓಣಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ನಸುಕಿಗೇ ಮಿಂದು, ಮಡಿಯುಟ್ಟು, ಬಾವಿಯ ನೀರು ಸೋಸಿ ತಂದು ಅಡಿಗೆ ಮಾಡುತ್ತೇವೆ. ಆಮೇಲೆ ಕಲಶ ಹಿಡಿದು ಬಾಗಿಲಲ್ಲಿ ನಿಂತು "ವಂದಾಮಿ ಮಾತಾಜಿ, ಅತ್ರ ಅತ್ರ, ತಿಷ್ಠ ತಿಷ್ಠ" ಎಂದು, ಇಲ್ಲೇ ನಿಲ್ಲಿರೆಂದು ಕರೆಯುತ್ತೇವೆ. ಎಲ್ಲರೂ ಕರೆಯುತ್ತೇವೆ. ಅವರು ಮನಸ್ಸಿನಲ್ಲಿ ಏನೋ ಒಂದು ಸಂಕಲ್ಪ ಇಟ್ಟುಕೊಂಡು ಬಂದಿರುತ್ತಾರೆ, ಅದು ಕೂಡಿಬಂದ ಒಂದು ಮನೆಯೆದುರು ಮಾತ್ರ ನಿಲ್ಲುತ್ತಾರೆ. ಉಳಿದವರ ಅಡಿಗೆಯೂ ಅಷ್ಟೇ ಶುದ್ಧ, ಕಲಶವೂ ಅಷ್ಟೇ ತುಂಬಿದ್ದು. ಆದರೆ ಮಾತಾಜಿ ನಮ್ಮ ಬಾಗಿಲು ದಾಟಿ ಮುಂದೆ ಹೋದರು. ಅಂದೂ ಹೋದರು, ಮರುದಿನವೂ ಹೋದರು.

ಮಧ್ಯಾಹ್ನ ಬಸದಿಯಲ್ಲಿ ಹೆಂಗಸರೆಲ್ಲ ಕುಳಿತಾಗ ಮಾತಾಜಿ ಒಬ್ಬೊಬ್ಬರ ನೇಮ ವಿಚಾರಿಸಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಸಿಹಿಯ ತ್ಯಾಗ ಹೇಳಿದೆ. ಕಾರಣ ಕೇಳಿದರು, ಅದನ್ನೂ ಹೇಳಿದೆ.

"ಆ ಮೊದಲನೇ ಹುಡುಗಿ ಯಾವಾಗ ಹೊರಗ ಬರ್ತಾಳ?" ಎಂದರು.

"ಆಕಿ ಬರೂದಿಲ್ರಿ ಮಾತಾಜಿ. ಪೆಟ್ಟ ಬಿದ್ರ ಬರಬೇಕಷ್ಟ."

"ಹಂಗಾದ್ರ ಬೆಲ್ಲಾ ಬಿಟ್ಟ ನೀ ಬೇಡಿದ್ದೇನು, ಅವ್ವಾ?"

ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಇರುವೆ ಸತ್ತೀತೆಂದು ನೀರು ಚೆಲ್ಲುವ ಮೊದಲು ನೆಲ ನೋಡುವವಳು ನಾನು. ಅಂಥವಳು ಬೆಲ್ಲ ಬಿಟ್ಟು ಒಬ್ಬ ಹುಡುಗಿಯ ಕಾಲು ಮುರಿಯಲೆಂದು ಬೇಡುತ್ತ ಕೂತಿದ್ದೆ! ಅದೂ ಯಾರ ಕಾಲು? ಹರ್ಯಾಣದ ಆ ಹುಡುಗಿ ಪ್ರಾಜಕ್ತಾಳಿಗೆ ದೀದಿ, ಅಕ್ಕನಿದ್ದ ಹಾಗೆ. ಒಂದು ಸಲ ನಮ್ಮ ಮನೆಗೂ ಬಂದಿದ್ದಳು. ಅತ್ತೆ ಬಡಿಸುವ ರಭಸಕ್ಕೆ ಅವಳು ಕಲಿತ ಮೊದಲ ಕನ್ನಡ ಮಾತು "ಸಾಕ್ರಿ." ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲವಲ್ಲ, ಪಾಪ, ಚೀಲದಲ್ಲಿದ್ದ ಬಿಸ್ಕತ್ತನ್ನು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತು ತಿಂದಿದ್ದಳು. ನನ್ನನ್ನು ಅಮ್ಮಾ ಎಂದು ಕರೆದಿದ್ದಳು.

ನಮ್ಮ ಶಾಸ್ತ್ರದಲ್ಲಿ ಫಲ ಬಯಸಿ ಹಿಡಿದ ವ್ರತಕ್ಕೆ ನಿದಾನ ಎನ್ನುತ್ತಾರೆ. ಅದನ್ನು ಶಲ್ಯಗಳಲ್ಲಿ ಒಂದು ಎಂದು ಎಣಿಸಿದ್ದಾರೆ. ಶಲ್ಯವೆಂದರೆ ಒಳಗೇ ಮುರಿದು ಉಳಿದ ಮುಳ್ಳು. ಪ್ರವಚನಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿ ತಲೆಯಾಡಿಸಿದ್ದೆ. ತಲೆಯಾಡಿಸುವುದು ಸುಲಭ, ಮುಳ್ಳು ಕಾಣುವುದು ಕಷ್ಟ.

"ನೇಮ ಮುರದ ಬಿಡ್ಲೇನ್ರಿ ಮಾತಾಜಿ?" ಎಂದೆ.

"ನೇಮ ಮುರೀಬ್ಯಾಡ. ಕಾರಣ ಬಿಡು" ಎಂದರು. ಆಮೇಲೆ ಎದ್ದು ಹೋಗುವಾಗ ಕೇಳಿದರು: "ಎರಡ ದಿನ ನೀ ಬಾಗಲದಾಗ ನಿಂತಿ, ನಾ ನಿಮ್ಮನಿಗೆ ಬರಲಿಲ್ಲ. ನಿನ್ನ ಅಡಗಿ ಹಳಸ್ತೇನು?"

"ಇಲ್ರಿ, ನಾವ ಉಂಡಿವಿ."

"ಮತ್ತ? ಕೊಟ್ಟವರಿಗೆ ಎಷ್ಟ ಪುಣ್ಯನೋ, ಹಸನ ಮಾಡಿ ನಿಂತವರಿಗೂ ಅಷ್ಟ. ಮಗಳಿಗೆ ಹೇಳು."

ನಾನು ಮಗಳಿಗೆ ಹೇಳಲಿಲ್ಲ. ಸೋತ ಮನಸ್ಸಿಗೆ ಪುಣ್ಯದ ಮಾತು ಹೇಳಿದರೆ ಹಸಿದವನಿಗೆ ತೇಗಿನ ಕಥೆ ಹೇಳಿದಂತೆ. ಆದರೆ ಅಂದಿನಿಂದ ಣಮೋಕಾರ ಮಂತ್ರ ಹೇಳುವಾಗ ಆ ತಂಡದ ಹುಡುಗಿಯರೆಲ್ಲರ ಮೊಣಕಾಲುಗಳನ್ನು ನೆನೆಯತೊಡಗಿದೆ. ಆಡುವವರದು, ಕೂತವರದು, ಎದುರು ತಂಡದವರದು ಕೂಡ.

ನನ್ನ ಪ್ರಾರ್ಥನೆ ಅಷ್ಟೇನೂ ದೂರ ಹೋಗಲಿಲ್ಲ ಎನ್ನಬೇಕು. ಆ ಸಲ ತಂಡಕ್ಕೆ ಪೆಟ್ಟಿನ ಮೇಲೆ ಪೆಟ್ಟು. ನಾಯಕಿಯ ಬೆರಳು ಮುರಿಯಿತು, ಒಬ್ಬಳ ತೊಡೆಯ ನರ ಹಿಡಿಯಿತು, ಇನ್ನೊಬ್ಬಳ ಹುಬ್ಬಿಗೆ ಸ್ಟಿಕ್ಕು ತಗಲಿ ಹೊಲಿಗೆ ಬಿತ್ತು. ಫೈನಲ್‌ಗೆ ಹೋಗಬೇಕಾದರೆ ಗೆಲ್ಲಲೇಬೇಕಾದ ಪಂದ್ಯದ ದಿನ, ಅದುವರೆಗೆ ನೀರಿನ ಬಾಟಲಿ ಹಂಚುತ್ತಿದ್ದ ಹುಡುಗಿಯರೆಲ್ಲ ಆಟಕ್ಕಿಳಿದಿದ್ದರು. ಬೆಂಚಿನ ಮೇಲೆ ಪ್ರಾಜಕ್ತಾಳಿಗೆ ಮಾತಾಡಲೂ ಜೊತೆಯಿರಲಿಲ್ಲ.

ಪಂದ್ಯ ಸಂಜೆಯದು. ಹೊತ್ತು ಮುಳುಗುವ ಮುಂಚೆಯೇ ರೊಟ್ಟಿ ತಿಂದು ಮುಗಿಸಿ ಅತ್ತೆ, ನಮ್ಮವರು, ನಾನು ಟೀವಿಯ ಮುಂದೆ ಕುಳಿತೆವು. ಜಗತ್ತಿನಲ್ಲಿ ಎಲ್ಲರೂ ಖಾರದ ಚುರುಮುರಿ ಭಡಂಗ ಮೆಲ್ಲುತ್ತ ಪಂದ್ಯ ನೋಡುತ್ತಾರೆ. ನಾವು ಬಾಯಿ ಮುಚ್ಚಿಕೊಂಡು ನೋಡುತ್ತೇವೆ, ಅದಕ್ಕೇ ನಮಗೆ ಹೆದರಿಕೆ ಹೆಚ್ಚು. ಕರೆಂಟು ಇತ್ತು. ಅದೂ ಒಂದು ಉಪಕಾರ.

ಅರ್ಧ ಆಟಕ್ಕೆ ನಮ್ಮ ತಂಡದ ಮೇಲೆ ಎರಡು ಗೋಲು. ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರು ತಂಡದವಳೊಬ್ಬಳು ಓಡಿ ಬಂದ ವೇಗಕ್ಕೆ ಜಾರಿ ದೀದಿಯ ಕಾಲಿನ ಮೇಲೆಯೇ ಬಿದ್ದಳು. ದೀದಿ ಒಮ್ಮೆ ಏಳಲು ನೋಡಿದಳು, ತಲೆಯೆತ್ತಿ ಬೆಂಚಿನ ಕಡೆ ನೋಡಿದಳು, ಮತ್ತೆ ಮಲಗಿಬಿಟ್ಟಳು. ನನ್ನ ಕೈಯೊಳಗಿನ ಜಪಮಣಿ ಅಲ್ಲೇ ನಿಂತಿತು. ಇದಕ್ಕಾಗಿ ನಾನು ಬೆಲ್ಲ ಬಿಟ್ಟಿದ್ದೆ. ಬೇಡಿದ್ದು ಕಣ್ಣೆದುರು ಬಂದು ನಿಂತಾಗ ಅದರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಸ್ಟ್ರೆಚರಿನಲ್ಲಿ ಅವಳು ಹೊರಗೆ ಹೋದಳು. ಹೆಲ್ಮೆಟ್ ಹಾಕಿದ ಇನ್ನೊಬ್ಬಳು ಒಳಗೆ ಬಂದಳು.

"ಆಕಿ ನಮ್ಮಾಕಿನ?" ಅತ್ತೆ ಟೀವಿಗೆ ಮೂಗು ತಾಗಿಸಿದರು. "ಮಾರಿನ ಕಾಣವಲ್ದು."

"ಕಾಲ ನೋಡವ್ವ" ಎಂದರು ನಮ್ಮವರು. "ಎಡಗಾಲ ಕುಣಸಾಕತ್ತಾಳ ನೋಡು. ನಮ್ಮದ."

ಶಾಲೆಗೆ ಹೋಗುವಾಗ ಬಸ್ಸಿಗೆ ಕಾಯುತ್ತಲೂ ಅವಳು ಹಾಗೇ ಎಡಗಾಲು ಕುಣಿಸುತ್ತಿದ್ದಳು. ಎರಡು ವರ್ಷ ಕೂತು ಕೂತು ಮರೆತೆ ಎಂದವಳ ಕಾಲು ಏನನ್ನೂ ಮರೆತಿರಲಿಲ್ಲ. ಮೊದಲ ಚೆಂಡು ಬಂದದ್ದೂ ಆ ಎಡಗಾಲಿಗೇ. ಒದ್ದಳು. ಅದು ಎಷ್ಟು ದೂರ ಹೋಯಿತೆಂದರೆ ಅತ್ತೆ "ಯಾರಿಗರೆ ಬಡದೀತ!" ಎಂದರು.

ಆಮೇಲೆ ನಡೆದದ್ದನ್ನು ಆಟ ಬಲ್ಲವರು ಬೇರೆ ರೀತಿ ಹೇಳಿಯಾರು. ನನಗೆ ಕಂಡಂತೆ ಹೇಳುತ್ತೇನೆ. ದೊಡ್ಡ ಮದುವೆಯಲ್ಲಿ ಮುಖ್ಯ ಅಡಿಗೆಯವನಿಗೆ ಜ್ವರ ಬಂದಾಗ ಮನೆಯ ಹೆಣ್ಣುಮಕ್ಕಳೆಲ್ಲ ಸೆರಗು ಸಿಕ್ಕಿಸಿ ನಿಲ್ಲುತ್ತಾರಲ್ಲ, ಹಾಗೆ ಆ ಹುಡುಗಿಯರು ಎದ್ದು ನಿಂತರು. ಹುಬ್ಬಿಗೆ ಹೊಲಿಗೆ ಬಿದ್ದವಳು ಪಟ್ಟಿ ಕಟ್ಟಿಕೊಂಡೇ ಓಡಿದಳು. ಬಾಟಲಿ ಹಂಚುತ್ತಿದ್ದ ಒಬ್ಬಳು ಒಂದು ಗೋಲು ಹೊಡೆದಳು. ಟೀವಿಯಲ್ಲಿ ಆಟ ವಿವರಿಸುವವನಿಗೂ ಅವಳ ಹೆಸರು ಬಾಯಿಗೆ ಬರಲಿಲ್ಲ. ಅಂಥವಳೇ ಇನ್ನೊಬ್ಬಳು ಇನ್ನೊಂದು. ಆಟ ಮುಗಿಯಲು ಬಂದಾಗ ಪೆನಾಲ್ಟಿ ಕಾರ್ನರಿನಲ್ಲಿ ನಮ್ಮ ತಂಡದ ಮೂರನೆಯದು ಬಿತ್ತು. ಆದರೆ ಕೊನೆಯ ಗಳಿಗೆಯಲ್ಲಿ ಎದುರಿನವರಿಗೂ ಒಂದು ಪೆನಾಲ್ಟಿ ಕಾರ್ನರು ಸಿಕ್ಕಿತು. ಅಷ್ಟೂ ಜನ ಬಂದೂಕಿನ ಹಾಗೆ ಸ್ಟಿಕ್ಕು ಹಿಡಿದು ನನ್ನ ಕೂಸಿನ ಕಡೆ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿದೆ. ಣಮೋ ಅರಿಹಂತಾಣಂ. ಢಪ್ ಎಂದು ಸದ್ದಾಯಿತು.

"ತಡದಳ!" ಅತ್ತೆ ಕೂಗಿದರು. "ಎದೀಲೆ ತಡದಳ ನೋಡ ನಮ್ಮ ಹುಡುಗಿ! ಕಣ್ಣ ತಗಿ, ಹುಚ್ಚಿ!"

ಕಣ್ಣು ತೆರೆದಾಗ ನಮ್ಮವರು ಟೀವಿಗೆ ಬೆನ್ನು ಹಾಕಿ ಕಿಟಕಿಯ ಹೊರಗೆ ಕಬ್ಬಿನ ಟ್ರ್ಯಾಕ್ಟರು ನೋಡುತ್ತ ನಿಂತಿದ್ದರು. ಟ್ರ್ಯಾಕ್ಟರಿನಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನೂ ಇರುವುದಿಲ್ಲ.

ಸ್ವಲ್ಪ ಹೊತ್ತಿಗೆ ಮಗಳ ವಿಡಿಯೋ ಕಾಲ್ ಬಂತು. ನದಿಯ ಕಡೆಯ ಗಾಳಿಗೆ ಹಾರಿಹೋಗುವ ನಮ್ಮ ನೆಟ್‌ವರ್ಕು ಅಂದು ಅಲುಗಾಡದೆ ನಿಂತಿತ್ತು, ದೇವರು ದೊಡ್ಡವನು. ನಾನು ಕೇಳಿದ ಮೊದಲ ಮಾತು, "ದೀದಿ ಕಾಲ ಹೆಂಗ ಐತಿ?"

"ನಾ ಆಡೀನಿ ಯವ್ವಾ, ನನ್ನ ಕೇಳು!" ಎಂದು ನಕ್ಕಳು. ಈ ನಗುವಿನಲ್ಲಿ ಉಪ್ಪಿರಲಿಲ್ಲ. ಫೋನನ್ನು ದೀದಿಯ ಕೈಗೆ ಕೊಟ್ಟಳು.

ದೀದಿ ಕಾಲಿಗೆ ಐಸು ಕಟ್ಟಿಕೊಂಡು ಕುಳಿತಿದ್ದಳು. ಮೂಳೆಗೆ ಏನೂ ಆಗಿಲ್ಲ, ಬರೀ ಉಳುಕು, ನಾಲ್ಕು ದಿನ ವಿಶ್ರಾಂತಿ ಸಾಕಂತೆ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. "ಅಮ್ಮಾ, ಬಿದ್ದಾಗ ಹಲ್ಲು ಕಚ್ಚಿ ಏಳಬೇಕೆಂದುಕೊಂಡೆ. ಎದ್ದಿದ್ದರೆ ಕಾಲು ಪೂರ್ತಿ ಹೋಗುತ್ತಿತ್ತು ಅಂತ ಡಾಕ್ಟರು ಹೇಳಿದರು. ಬೆಂಚಿನ ಕಡೆ ನೋಡಿದೆ. ಇವಳು ಆಗಲೇ ಹೆಲ್ಮೆಟ್ ಹಾಕಿ ನಿಂತಿದ್ದಳು. ಅದಕ್ಕೇ ನೆಮ್ಮದಿಯಿಂದ ಮಲಗಿದೆ."

ಆ ಕಾಲು ಕೆಡಲೆಂದು ನಾನು ತಿಳಿಯದೆ ಬೇಡಿದ್ದೆ. ಕೆಡದ ಹಾಗೆ ಕಾದದ್ದು ನನ್ನ ಮಗಳು, ಅಲ್ಲಿ ಸುಮ್ಮನೆ ಇದ್ದು. ಬೀಳುವುದಕ್ಕೂ ಮನುಷ್ಯರಿಗೆ ಒಂದು ಧೈರ್ಯ ಬೇಕು, ಆ ಧೈರ್ಯ ಇನ್ನೊಬ್ಬರಲ್ಲಿ ಇರುತ್ತದೆ. ನಾನು ಹೆರಿಗೆಗೆ ಹೋದಾಗ ನಮ್ಮ ಮನೆಯ ಒಲೆ ಹೊತ್ತಿಸಿದ ನೆರೆಯವರು, ಅತ್ತೆಯ ಸೊಂಟದ ಆಪರೇಷನ್ನಿಗೆ ಐನಾಪುರದಿಂದ ಬಂದು ಉಳಿದ ನಾದಿನಿ, ಇವರನ್ನೆಲ್ಲ ಎಣಿಸಿದರೆ ನನ್ನ ಸಂಸಾರ ಬೆಂಚಿನವರ ಬಲದಿಂದಲೇ ನಡೆದುಬಂದದ್ದು.

ಮರುದಿನ ಓಣಿಯವರು ಪೇಢೆ ತಂದರು. "ಇವತ್ತೊಂದಿನ ತಿನ್ರಿ, ಸಕ್ಕರಿ ಏರೂದಿಲ್ಲ" ಎಂದು ಒತ್ತಾಯ ಮಾಡಿದರು. ಕಾರಣ ಬಿಟ್ಟ ನೇಮ ಈಗ ನನ್ನದಾಗಿತ್ತು. ಪೇಢೆಯನ್ನು ಅತ್ತೆಯ ಅಂಗೈಗೆ ದಾಟಿಸಿದೆ. ಅವರಿಗೆ ಎರಡು ಪಾಲು ಸಿಕ್ಕಿತು, ತಕರಾರು ಮಾಡಲಿಲ್ಲ.

ಫೈನಲ್‌ಗೆ ದೀದಿ ಮರಳಿ ಬಂದಳು. ಅಂದರೆ ಪ್ರಾಜಕ್ತಾ ಮತ್ತೆ ಹೊರಗೆ. ಹಿಂದಿನ ದಿನ ಹೆದರುತ್ತಲೇ ಕೇಳಿದೆ, "ಮತ್ತ ಬಿಡ್ತೀನಿ ಅಂದಿದ್ದಿ…"

"ಬಿಟ್ರ ಹೆಂಗ ಯವ್ವಾ? ದೀದಿ ಬಿಂದಾಸ ಆಡಬೇಕಂದ್ರ ನಾ ಅಲ್ಲೆ ಇರಬೇಕಲ್ಲ" ಎಂದಳು, ಒಲೆಯ ಮೇಲೆ ಹಾಲಿಟ್ಟವಳು ಮನೆ ಬಿಟ್ಟು ಹೋಗಲಾದೀತೇ ಎನ್ನುವಷ್ಟು ಸಹಜವಾಗಿ.

ಪಂದ್ಯದ ಸಂಜೆ ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿದ್ದರು. ಪಕ್ಕದ ಮನೆಯ ಅಕ್ಕ ಟೀವಿಯ ತುಂಬ ಹುಡುಕಿ ಹುಡುಕಿ ಸೋತು, "ಎಲ್ಲೆ ಅದಾಳ್ರಿ ನಿಮ್ಮಾಕಿ? ಇವತ್ತ ಆಡೂದಿಲ್ಲೇನು?" ಎಂದರು. ಅಷ್ಟರಲ್ಲಿ ಕ್ಯಾಮೆರಾ ಒಮ್ಮೆ ಬೆಂಚಿನ ಮೇಲೆ ಹಾದುಹೋಯಿತು. ಕವಚ ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ದೀದಿಯ ಕಾಲನ್ನೇ ನೋಡುತ್ತಿದ್ದಳು.

ಅತ್ತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಅಲ್ಲೆ ನೋಡ್ರಿ" ಎಂದರು. "ಎಷ್ಟ ಛಂದ ಕುಂತಾಳ!"