ಈಜಿಪ್ಟಿನಿಂದ ಜೋಳದ ಹಿಟ್ಟು

ಈಜಿಪ್ಟ್ ಪ್ರವಾಸದ ನಡುವೆ ಒಂದು ಹಳ್ಳಿಯಲ್ಲಿ ನಮ್ಮ ತಂಡದ ಉಳಿದವರೆಲ್ಲ ಪಿರಮಿಡ್ಡಿನ ಗೊಂಬೆ ಕೊಳ್ಳುತ್ತಿದ್ದರು. ನಾನು, ತಂಗಿ ಪಕ್ಕದ ಕಿರಾಣಿ ಅಂಗಡಿಗೆ ಹೋದೆವು. ಚೀಲದಲ್ಲಿ ಬಿಳಿಜೋಳದಂಥ ಹಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಜೇವರ್ಗಿಯ ನಮ್ಮ ಮನೆಯಲ್ಲಿ ಯಾರೂ ರೊಟ್ಟಿ ಬಡಿದಿರಲಿಲ್ಲ. ಜೋಳವೇ ಹೌದೋ ಎಂದು ಕೇಳಲು ಭಾಷೆ ಬಾರದೆ, ರೊಟ್ಟಿ ಬಡಿಯುವವರಂತೆ ಎಡಗೈ ಮೇಲೆ ಬಲಗೈ ಬಡಿದು ತೋರಿಸಿದೆ. ಅಂಗಡಿಯ ಹೆಂಗಸೂ ಖುಷಿಯಿಂದ ಚಪ್ಪಾಳೆ ತಟ್ಟಿದಳು.

"ಅಣ್ಣಾ, ವೈನಿ ಹಿಂಗ ಬಡೀತಿದ್ರೇನು?" ತಂಗಿ ಅತ್ತಿಗೆಯನ್ನು ನೆನೆದು ನಕ್ಕಳು.

ಮೂವತ್ತು ವರ್ಷ ಹೆಂಡತಿಯ ಎದುರಿಗೆ ಕೂತು ಉಂಡ ನಾನು ಅವಳ ಕೈಗಳನ್ನು ಸರಿಯಾಗಿ ನೋಡಿರಲಿಲ್ಲ.

ತಂಗಿ ಅಂಗೈ ತಿರುಗಿಸುತ್ತ ಮೇಜಿನ ಮೇಲೆ ಬಡಿದಳು. ಹೆಂಗಸು ಹೌದೆಂದು ತಲೆಯಾಡಿಸಿದಳು.

"ಊರಿಗಿ ಹೋದ ಮ್ಯಾಲ ನನಗೂ ಹೇಳಿಕೊಡ್ತೀಯೇನು?" ಎಂದೆ.

"ಕೊಡ್ತೇನಿ. ಹರಕ್ ರೊಟ್ಟಿ ನೀನ ತಿನ್ನಬೇಕ್ ನೋಡು."

ಜೋಳದ ಸೀಮೆಗೆ ಜೋಳದ ಹಿಟ್ಟು ಹೊತ್ತು ತಂದೆ. ಮನೆಯಲ್ಲಿ ತಂಗಿ ಹೇಳಿಕೊಟ್ಟಂತೆ ನಾನು ಬಡಿದ ಮೊದಲ ನಾಲ್ಕು ರೊಟ್ಟಿ ಹರಿದವು. ಐದನೆಯದು ದುಂಡಗಾಯಿತು, ಹೆಚ್ಚುಕಡಿಮೆ.